ಮರುವಾಯಿ ಬೇಯಿಸಿದ ಹಾಗೆ

ಬ್ಲೇಡು ಗಾಜಿನ ಮೇಲೆ ಕಿರ್ರೆಂದಿತು. ಚಂಪಾ ಮೊಣಕೈವರೆಗೆ ಉಪ್ಪುನೀರಿಗೆ ಕೈಯಿಳಿಸಿ, ಅಕ್ವೇರಿಯಂನ ಒಳಗೋಡೆಗೆ ಕಚ್ಚಿಕೊಂಡಿದ್ದ ಪಾಚಿಯನ್ನು ಕೆರೆಯುತ್ತಿದ್ದಳು. ಮಧ್ಯಾಹ್ನದ ಗಿರಾಕಿಗಳು ಹೋಗಿ ಸಂಜೆಯವರು ಬರುವ ನಡುವಿನ ಹೊತ್ತು. ಗುರುಗ್ರಾಮದ ಆ ಹೋಟೆಲಿನಲ್ಲಿ ಪಾತ್ರೆ ತೊಳೆಯುವವಳ ಬೆನ್ನು ನೆಲ ಕಾಣುವುದು ಆ ಹೊತ್ತಿನಲ್ಲಿ ಮಾತ್ರ. ಇವತ್ತು ಅದನ್ನೂ ಈ ಗಾಜಿನ ಪೆಟ್ಟಿಗೆ ನುಂಗಿತ್ತು.

ಪೆಟ್ಟಿಗೆ ಅಣ್ಣುವಿನದು, ಹೋಟೆಲೂ ಅವನದೇ. ಚಂಪಾಳಿಗೆ ಅವನು ಸೋದರಮಾವನ ಮಗ. ಸಂಬಂಧಿಕರ ಹೋಟೆಲಿನಲ್ಲಿ ರಜೆ ಕೇಳಿದರೆ ಅದು ಕೆಲಸದವಳ ಬೇಡಿಕೆ ಅನ್ನಿಸಿಕೊಳ್ಳುವುದಿಲ್ಲ, ಮನೆಯವಳ ಕೃತಘ್ನತೆ ಅನ್ನಿಸಿಕೊಳ್ಳುತ್ತದೆ. ಇಲ್ಲಿ ದುಡಿದ ಹದಿನೇಳು ವರ್ಷದಲ್ಲಿ ಅವಳು ಅದನ್ನು ಕಲಿತಿದ್ದಳು. ಕಲಿತ ಮೇಲೆ ಸಿಟ್ಟೂ ಬರುತ್ತಿರಲಿಲ್ಲ.

ಅಕ್ವೇರಿಯಂ ನೋಡಿಕೊಳ್ಳುತ್ತಿದ್ದವನು ಬರುವುದನ್ನು ನಿಲ್ಲಿಸಿ ಎರಡು ತಿಂಗಳಾಗಿತ್ತು. ಆರು ಮೀನಿನಲ್ಲಿ ಎರಡು ಉಳಿದಿದ್ದವು; ಅವೀಗ ಬಕೆಟ್ಟಿನಲ್ಲಿದ್ದವು. ಕಲ್ಲುಗಳ ಮೇಲೆ ಗುಂಡಿ ಪೋಣಿಸಿದಂತೆ ಬೆಳೆದಿದ್ದ ಹವಳದ ಹುಳಗಳು ಬಾಯಿ ಮುಚ್ಚಿ ಕಂದು ಲೋಳೆಯಾಗಿದ್ದವು. ಭಾನುವಾರ ಎದುರಿನ ಟವರಿನ ಕಂಪನಿಯವರ ಪಾರ್ಟಿ.

"ಕಲ್ಲು ಬೆಳ್ಳಗೆ ಆಗ್ಬೇಕು ಚಂಪಾ," ಅಣ್ಣು ಕೌಂಟರಿನಿಂದಲೇ ಹೇಳಿದ. "ಫೋಟೋದಲ್ಲಿ ಹೊಳೀಬೇಕು."

ಅವನ ಮಗಳು ನಿರೀಕ್ಷಾ ಮೊಬೈಲಿನಿಂದ ತಲೆಯೆತ್ತಿದಳು. "ಪಪ್ಪಾ, ಯೇ ಝಿಂದಾ ಹೈ. ಜೀವ ಇದೆ, ಕಲ್ಲು ಅಲ್ಲ ಇದು. ಹಾಗೆಲ್ಲ ವಾಶ್ ಮಾಡಬಾರ್ದು."

"ಝಿಂದಾ ಇದ್ದಿದ್ರೆ ಒಂದು ಪ್ಲೇಟ್ ವಡೆ ಕೇಳ್ತಿತ್ತು. ನೀನು ಟ್ಯೂಶನ್‌ಗೆ ಹೊರಡು, ಚಲೋ."

ಹುಡುಗಿ ಹೋದಳು. ಚಂಪಾ ಕಲ್ಲುಗಳನ್ನು ಹಿಂದಿನ ತೊಟ್ಟಿಗೆ ಹೊತ್ತು ತಂದು ತಂತಿಯ ಬ್ರಶ್ಶಿನಲ್ಲಿ ಉಜ್ಜಿದಳು. ಲೋಳೆ ಬಿಡಲಿಲ್ಲ. ಇಡ್ಲಿ ಹಿಟ್ಟಿನ ಮುಂದೆ ನಿಂತಿದ್ದ ತಮ್ಮ ತಿಲಕ್ ಬಗ್ಗಿ ನೋಡಿದ.

"ಇದು ಸಾಯುವವರೆಗೆ ಉಜ್ಜಿದ್ರೂ ಹೋಗುದಿಲ್ಲ ಅಕ್ಕ."

"ಅಮ್ಮ ಮರುವಾಯಿ ಹೇಗೆ ಮಾಡ್ತಿದ್ರು? ಹೊಳೆಯಿಂದ ತಂದದ್ದೇ ಕುದಿಯುವ ನೀರಿಗೆ. ಚಿಪ್ಪು ತಾನೇ ಬಾಯಿ ಬಿಟ್ಟು ಮಾಂಸ ಉದುರ್ತಿತ್ತು. ಇದನ್ನೂ ಹಾಗೇ ಹಾಕು."

"ಎಲ್ಲಿ ಹಾಕುದು?"

"ಇಡ್ಲಿ ಹಂಡೆಗೆ. ಇಷ್ಟು ದೊಡ್ಡದು ಬೇರೆ ಎಂತ ಉಂಟು?"

ತಿಲಕ್ ನಕ್ಕ. "ಶುದ್ಧ ಸಸ್ಯಾಹಾರಿ ಅಂತ ಬೋರ್ಡು ಹಾಕಿ ಹುಳ ಬೇಯಿಸುದಾ?"

ಅಣ್ಣು ಬಂದು ನೋಡಿದ. ಹಂಡೆ ಆಮೇಲೆ ತೊಳೆದರಾಯಿತು ಅಂದ.

ನೀರು ಕುದಿಯಿತು. ಹಬೆಯಲ್ಲಿ ಮುಖವಿಟ್ಟು ತಿಲಕ್ ಸೌಟಿನಿಂದ ಕಲ್ಲು ಹೊರಳಿಸಿದ. ಚಂಪಾ ಒಂದೊಂದಾಗಿ ಎತ್ತಿಟ್ಟಳು. ನಿಜಕ್ಕೂ ಬೆಳ್ಳಗಾಗಿದ್ದವು.

ಅರ್ಧ ಗಂಟೆಯಲ್ಲಿ ತಿಲಕ್, ಬಾಯಲ್ಲಿ ಕಬ್ಬಿಣ ಚೀಪಿದಂತಾಗುತ್ತದೆ ಎಂದ. ಆಮೇಲೆ ಕೆಮ್ಮು ಹಿಡಿಯಿತು, ನಿಲ್ಲಲಿಲ್ಲ. ಅಕ್ಕಿಮೂಟೆಯ ಮೇಲೆ ಕುಳಿತವನು ಎದೆ ಹಿಡಿದುಕೊಂಡು, ತುಟಿ ಎಲ್ಲಿದೆಯೆಂದು ಬೆರಳಿನಿಂದ ಹುಡುಕಿದ. ಚಂಪಾಳ ನಾಲಿಗೆಯೂ ಬೇರೆ ಯಾರದೋ ಆಗುತ್ತಿತ್ತು.

ಅಣ್ಣು ತಾನೇ ಕಾರು ತೆಗೆದ. ಹೊರಡುವಾಗ ಅಡುಗೆಯವರಿಗೆ ಕೂಗಿ ಹೇಳಿದ, "ಹಂಡೆ ತೊಳೆದು ಸಂಜೆ ಇಡ್ಲಿ ಇಡಿ."

ಸಿಗ್ನಲ್ಲಿನಲ್ಲಿ ಹಿಂದೆ ತಿರುಗದೆ ಮಾತಾಡಿದ. "ಡಾಕ್ಟ್ರು ಕೇಳಿದ್ರೆ ಒಲೆಯ ಹೊಗೆ ಅಂತ ಹೇಳುದು. ಹಂಡೆ, ಹವಳ, ಎಂತದೂ ಬೇಡ. ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೇನೆ. ಕುದಿಸು ಅಂತ ಹೇಳಿದ್ದು ಯಾರು ಮಾರಾಯ್ತಿ? ನಾನಾ?"

ಅಲ್ಲ, ಅವಳೇ. ಅವಳ ಮಡಿಲಲ್ಲಿ ತಮ್ಮನ ತಲೆ ಭಾರವಾಗಿತ್ತು. ಅಳು ಬರಬೇಕಿತ್ತು, ಬರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹಿಂದಿಯಲ್ಲಿ ಏನಾಯಿತೆಂದು ಕೇಳಿದಳು. ಅಣ್ಣು ಹೊಗೆ ಎಂದ. ಅವಳು ಹಾಗೇ ಬರೆದುಕೊಂಡು, ಒಂದು ಸಲ ಔಷಧದ ಹಬೆ ಕೊಟ್ಟು ಮನೆಗೆ ಕಳಿಸಬಹುದೆಂದಳು. ಮಾಸ್ಕಿನ ಹಿಂದೆ ತಿಲಕ್‌ನ ಕಣ್ಣು ಅಕ್ಕನನ್ನು ಹುಡುಕಿತು.

ಗೋಡೆಯ ಗಡಿಯಾರದಲ್ಲಿ ಐದೂಕಾಲು. ಐದೂವರೆಗೆ ಮೊದಲ ತಟ್ಟೆ ಹಂಡೆಗಿಳಿಯುತ್ತದೆ. ಟ್ಯೂಶನ್ ಮುಗಿಸಿದ ಮಕ್ಕಳು, ಆಫೀಸು ಬಿಟ್ಟವರು.

"ಧುಆಂ ನಹೀಂ," ಹೊಗೆಯಲ್ಲ ಎಂದು ಚಂಪಾ ಹೇಳಿದಳು. ನಾಲಿಗೆ ಹೊರಳದೆ ಮಾತು ಮುದ್ದೆಯಾಯಿತು. ಮತ್ತೆ ಹೇಳಿದಳು. "ಸಮುಂದರ್ ಕಾ ಪತ್ಥರ್ ಉಬಾಲಾ. ಇಡ್ಲಿ ಕೇ ಬರ್ತನ್ ಮೇಂ. ಮೈನೇ ಬೋಲಾ ಥಾ. ಉಸೀ ಮೇಂ ಅಬ್ ಇಡ್ಲಿ ಚಢೇಗೀ."

ಇಡ್ಲಿ ಹಂಡೆಯಲ್ಲಿ ಸಮುದ್ರದ ಕಲ್ಲು ಕುದಿಸಿದ್ದು, ಹೇಳಿದ್ದು ತಾನೇ, ಅದರಲ್ಲೇ ಈಗ ಇಡ್ಲಿ ಬೇಯುತ್ತದೆ ಎಂಬುದನ್ನು ಕೇಳಿ ಡಾಕ್ಟರಮ್ಮನ ಪೆನ್ನು ನಿಂತಿತು. ಅವಳು ಬರೆದದ್ದನ್ನು ಹೊಡೆದುಹಾಕಿ, ಯಾರಿಗೋ ಫೋನು ಮಾಡಿ, ತಿಲಕ್‌ನ ಎದೆಗೆ ತಂತಿಗಳನ್ನು ಅಂಟಿಸಲು ನರ್ಸಿಗೆ ಹೇಳಿದಳು. ಅಂಥ ಕಲ್ಲಿನ ಮೇಲಿನ ಹುಳದಲ್ಲಿ ವಿಷವಿರುತ್ತದೆ, ಕುದಿಸಿದರೆ ಹಬೆಯಲ್ಲಿ ಏರುತ್ತದೆ; ಅವನು ಇಲ್ಲೇ ಇರಬೇಕು, ಈ ಹೆಂಗಸೂ ಎಂದಳು. ಆಮೇಲೆ ಅಣ್ಣುವಿನ ಕಡೆ ತಿರುಗಿ, ಅಡುಗೆಮನೆ ಈಗಲೇ ಮುಚ್ಚಿಸು, ನನ್ನ ಎದುರಿಗೇ ಫೋನು ಮಾಡು ಎಂದಳು.

ಅಣ್ಣು ಫೋನು ಮಾಡಿದ. ಮುಗಿಸಿ ಚಂಪಾಳ ಹತ್ತಿರ ಬಂದು ಕನ್ನಡದಲ್ಲಿ ಮೆಲ್ಲಗೆ ಕೇಳಿದ, "ಇನ್ನು ಊರಿಗೆ ಯಾವ ಮುಖ ತೋರಿಸ್ತೀ?"

"ಇದೇ ಮುಖ ಬಾವ. ತುಟಿ ಸ್ವಲ್ಪ ಸೆಟೆದಿದೆ, ಅಷ್ಟೇ."

ಅವಳನ್ನೂ ಪಕ್ಕದ ಮಂಚದಲ್ಲಿ ಮಲಗಿಸಿದರು. ಎರಡು ಮಂಚಗಳ ನಡುವೆ ಒಂದು ಸ್ಟೂಲಿನಷ್ಟು ಜಾಗ. ಚಂಪಾ ಕೈ ಚಾಚಿ ತಮ್ಮನ ಕೈ ಹಿಡಿದಳು. ಬೆರಳುಗಳೂ ಮರಗಟ್ಟಿದ್ದವು; ಹಿಡಿದದ್ದು ಅವಳಿಗೆ ಕಣ್ಣಿನಿಂದಲೇ ಗೊತ್ತಾಗಬೇಕಿತ್ತು. ಅದಕ್ಕೇ ಅವಳು ಕಣ್ಣು ಮುಚ್ಚದೆ ನೋಡುತ್ತಲೇ ಇದ್ದಳು.