ಬಾನಿಯ ಹೊಸ್ತಿಲು

ಮರದ ಮುಚ್ಚಳ ಬಾನಿಯ ಅಂಚಿಗೆ ಉಜ್ಜಿದ ಸದ್ದು. ಒಮ್ಮೆ ಸರಿದು ನಿಂತಿತು. ಇಷ್ಟು ಹೊತ್ತಿನಲ್ಲಿ ಶಾಲೆಯ ಬಣ್ಣದ ಕೊಠಡಿಗೆ ಯಾರು ಬರಬೇಕು? ಗೋಡೆಯಾಚೆ ಮಲಗಿದ್ದ ಶಿಕ್ಷಕಿ ಪೈಯುನ್ ಉಸಿರು ಬಿಗಿಹಿಡಿದು ಆಲಿಸಿದಳು. ನಿದ್ದೆಯಂತೂ ಬಂದಿರಲಿಲ್ಲ.

ಬೆಳಿಗ್ಗೆ ಮಕ್ಕಳು ನೀಲಿ ಸೊಪ್ಪು ಹುದುಗಿಸಿದ ಬಾನಿಯಲ್ಲಿ ಅದ್ದಿದ ಬಟ್ಟೆ ಬೂದಿ ಬಣ್ಣವಾಗಿ ಮೇಲೆ ಬಂದಿತ್ತು. ಗಾಳಿಗೆ ಹಿಡಿದರೂ ನೀಲಿ ಏರಲಿಲ್ಲ. ಬಣ್ಣ ಕಲಿಸಲು ಊರಿನಿಂದ ಬರುವ ಸಾ ಕಿನ್ ಬಗ್ಗಿ ಮೂಸಿ ಮುಖ ಕಿವುಚಿದಳು. ಸಾ ಕಿನ್ ಎಂದರೆ ಕಿನ್‌ಳ ಅಜ್ಜಿ. ಈ ಕಣಿವೆಯಲ್ಲಿ ಮಗು, ಮೊಮ್ಮಗು ಹುಟ್ಟಿದಂತೆ ಹೆಂಗಸಿನ ಹೆಸರು ಬದಲಾಗುತ್ತದೆ. ಮದುವೆಯಾಗಿ ಆರು ವರ್ಷವಾದರೂ ಪೈಯುನ್‌ಗೆ ಇನ್ನೂ ತನ್ನದೇ ಹೆಸರು.

"ಯಾರೋ ಬಸುರಿ ಹತ್ರ ಬಂದಿದ್ದಾಳೆ," ಎಂದಳು ಸಾ ಕಿನ್. "ಬಾನಿಗೆ ಅದು ಆಗಿಬರಲ್ಲ."

"ನಾನಲ್ಲಪ್ಪ," ಎಂದು ಹಿಂದಿನ ಸಾಲಿನವನೊಬ್ಬ ಹೊಟ್ಟೆ ಉಬ್ಬಿಸಿ ತೋರಿಸಿದ.

"ನಿನ್ನ ಹೊಟ್ಟೇಲಿರೋದು ಬರೀ ಅಂಟಕ್ಕಿ ಅನ್ನ, ಬಿಡೋ," ಎಂದಳು ಸಾ ಕಿನ್.

ಎಲ್ಲರೂ ನಕ್ಕರು. ಪೈಯುನ್ ಕೂಡ ನಕ್ಕಳು. ಹೊಟ್ಟೆಯತ್ತ ಹೊರಟಿದ್ದ ಕೈಯನ್ನು ತಡೆದು ಸೀಮೆಸುಣ್ಣ ಎತ್ತಿಕೊಂಡಳು. ಅವಳಿಗೀಗ ಮೂರನೇ ತಿಂಗಳು. ಗುವಾಂಗ್‌ಡಾಂಗಿನ ಕಾರ್ಖಾನೆಯಲ್ಲಿದ್ದ ಗಂಡನಿಗೂ ಹೇಳಿರಲಿಲ್ಲ. ಹಿಂದಿನ ಸಲ ಎಲ್ಲರಿಗೂ ಹೇಳಿದ್ದಳು. ಅತ್ತೆ ಮನೆಯ ಬಾನಿ ಕೆಟ್ಟ ವಾರವೇ ಬಸಿರು ಇಳಿದುಹೋಗಿತ್ತು. ಬಾನಿಯಲ್ಲಿ ಕಣ್ಣಿಗೆ ಕಾಣದ ಜೀವಿಗಳಿವೆ, ಚಳಿಗೋ ಸುಣ್ಣ ಹೆಚ್ಚಾದರೋ ಸೊರಗುತ್ತವೆ ಎಂದು ಮಕ್ಕಳಿಗೆ ಬರೆಸಿದವಳು ಅವಳೇ. ಆ ತಿಳಿವಳಿಕೆ ಹಗಲಿಗೆ ಸಾಕಾಗುತ್ತಿತ್ತು.

ನಾಳೆ ಮುಖ್ಯೋಪಾಧ್ಯಾಯರು ಬಾನಿ ಕೆಟ್ಟ ಕಾರಣ ಕೇಳುತ್ತಾರೆ. ಅಜ್ಜಿಯರಿಗೆ ವಯಸ್ಸಾಯಿತು, ಕೈ ತಪ್ಪಲು ಶುರುವಾದರೆ ಪೊಟ್ಟಣದ ಬಣ್ಣದ ಪುಡಿ ತರಿಸಿಬಿಡೋಣ ಎಂದು ಅವರು ಮೊದಲೇ ಹೇಳಿದ್ದರು.

ಗೋಡೆಯಾಚೆ ಮುಚ್ಚಳ ಮತ್ತೆ ಸರಿದಾಗ ಅವಳು ಬರಿಗಾಲಲ್ಲೇ ಎದ್ದು ಹೋದಳು. ಬಣ್ಣದ ಕೊಠಡಿಯ ಬಾಗಿಲು ಅರೆ ತೆರೆದಿತ್ತು. ಒಳಗೆ ಟಾರ್ಚನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ ಸಾ ಕಿನ್. ಬಾನಿಗೆ ಬೆರಳದ್ದಿ ನಾಲಿಗೆಗೆ ತಾಗಿಸಿ ಥೂ ಎಂದು ಉಗಿದು, ಸೊರಗಿದ ಬಾನಿಯನ್ನು ಎಬ್ಬಿಸುವ ಅಕ್ಕಿ ಹೆಂಡವನ್ನು ಮಡಕೆಯಿಂದ ನಿಧಾನವಾಗಿ ಸುರಿಯುತ್ತಿದ್ದಳು.

"ತಪ್ಪಾಯ್ತಮ್ಮ," ಎಂದು ಬಾನಿಗೆ ಹೇಳುತ್ತಿದ್ದಳು. "ಸುಣ್ಣ ಎರಡು ಸಲ ಬಿತ್ತು. ಕಣ್ಣೇ ಮಂಜಾಗಿದೆ, ಏನ್ಮಾಡ್ಲಿ."

ಪೈಯುನ್ ಇನ್ನೂ ಹತ್ತಿರ ಸರಿದು ಬಾಗಿಲು ಹಿಡಿದಳು. ಅದು ಕಿರುಗುಟ್ಟಿತು.

"ಯಾರದು?"

"ನಾನು, ಸಾ."

"ಕೇಳಿಸ್ಕೊಂಡ್ಯಾ?"

"ಹೂಂ. ಮತ್ತೆ ಬೆಳಿಗ್ಗೆ ಬಸುರಿ ಅಂದ್ರಲ್ಲ?"

"ಬಾಯಿಗೆ ಬಂತು, ಅಂದೆ. ಜೀವಮಾನವೆಲ್ಲ ಬಾನಿ ಸಾಕಿದೋಳು ಮಕ್ಕಳ ಮುಂದೆ ಕೈ ತಪ್ತು ಅಂತ ಹೆಂಗೆ ಹೇಳ್ಲಿ? ಬಾ ಇಲ್ಲಿ, ಟಾರ್ಚ್ ಹಿಡಿ. ನಂಗೆ ನೊರೆ ಕಾಣಲ್ಲ."

ಕೆಟ್ಟದ್ದು ಸುಣ್ಣದಿಂದ. ಈಗ ತಾನೇ ಕಿವಿಯಾರೆ ಕೇಳಿದ್ದಳು. ಆದರೂ ಅವಳ ಕಾಲು ಹೊಸ್ತಿಲು ದಾಟಲಿಲ್ಲ.

"ಇಲ್ಲಿಂದಲೇ ಬೆಳಕು ಬಿಡ್ತೀನಿ, ಕೊಡಿ."

ಮುದುಕಿ ಟಾರ್ಚನ್ನು ಅವಳ ಪಾದಗಳತ್ತ ತಿರುಗಿಸಿದಳು. ಬೆಳಕು ಹೊಸ್ತಿಲಿನ ಹೊರಗೇ ನಿಂತ ಬೆರಳುಗಳ ಮೇಲೆ ಬಹಳ ಹೊತ್ತು ಇತ್ತು. ಮೇಲೆ ಏರಲಿಲ್ಲ.

"ಓಹೋ," ಎಂದಳು ಮೆಲ್ಲಗೆ. ಬಂದು ಟಾರ್ಚನ್ನು ಕೈಗಿಟ್ಟಳು. "ಅಲ್ಲೇ ಇರು. ಈ ಚಳೀಲಿ ಬರಿಗಾಲಲ್ಲಿ ನಿಂತಿದ್ದೀಯಲ್ಲ, ದಡ್ಡಿ. ನಾಳೆಯಿಂದ ನೀರು ಎತ್ತಬೇಡ."

"ನಾಳೆಯಿಂದ ಸುಣ್ಣ ನಾನು ಅಳೆದುಕೊಡ್ತೀನಿ, ಸಾ. ಹೊರಗಡೆಯಿಂದಲೇ."

ಮುದುಕಿ ಮುಚ್ಚಳ ಮುಚ್ಚಿ, ಕೂಸಿಗೆ ಹೊದಿಸಿದಂತೆ ಗೋಣಿಚೀಲ ಹೊದಿಸಿದಳು.

ಬಾನಿ ಎದ್ದೀತೋ ಇಲ್ಲವೋ ಇನ್ನೂ ಗೊತ್ತಿರಲಿಲ್ಲ. ಪೈಯುನ್ ಒಂದು ಕೈಯಲ್ಲಿ ಟಾರ್ಚ್ ಹಿಡಿದು, ಇನ್ನೊಂದನ್ನು ಈ ಸಲ ತಡೆಯದೆ ಹೊಟ್ಟೆಯ ಮೇಲಿಟ್ಟುಕೊಂಡಳು. ಮುಖ್ಯೋಪಾಧ್ಯಾಯರು ಕೇಳಿದರೆ ಚಳಿ ಎಂದರಾಯಿತು. ಸುಣ್ಣ ಬಿದ್ದ ಸುದ್ದಿಯಾಗಲಿ, ತಾನು ಹೊಸ್ತಿಲಲ್ಲಿ ನಿಂತದ್ದಾಗಲಿ ತನ್ನ ಬಾಯಿಂದ ಯಾರಿಗೂ ಹೋಗುವುದಿಲ್ಲ ಎಂದು ಅಲ್ಲಿಯೇ ನಿಶ್ಚಯಿಸಿದಳು.