ತಣ್ಣಗಿನ ಮೋಟಾರು

ಕೊತ್ತತ್ತಿಯ ಚಿಕ್ಕಬೋರಯ್ಯನಿಗೆ ಅನುಮಾನ ಹುಟ್ಟಿದ್ದು ಕಾಫಿಯಿಂದ. ಅವನ ಆಲೆಮನೆಯಲ್ಲಿ ಕಬ್ಬು ಅರೆಯುವ ಗಾಣದ ಮೋಟಾರಿನ ಮೇಲೆ ಕಾಫಿ ಚೊಂಬಿಟ್ಟರೆ ಹೊತ್ತೇರುವವರೆಗೂ ಬಿಸಿಯಾಗಿರುತ್ತಿತ್ತು. ಆ ಮೋಟಾರು ಸುಟ್ಟುಹೋಗಿ, ಮದ್ದೂರಿನ ಅಕ್ರಂ ಪಾಷಾ ಹೊಸ ತಂತಿ ಸುತ್ತಿಕೊಟ್ಟ ಮೇಲೆ ಕಾಫಿ ಆರಿಹೋಗತೊಡಗಿತು. ಗಾಣವೇನೋ ಜೋರಾಗಿಯೇ ತಿರುಗುತ್ತಿತ್ತು. ಆದರೆ ಮೈ ಬಿಸಿಯಾಗದೆ ದುಡಿಯುವವರನ್ನು ಬೋರಯ್ಯ ಜನ್ಮದಲ್ಲಿ ನಂಬಿದವನಲ್ಲ.

“ಚೆಂದಾಗೇ ಓಡ್ತೈತಲ್ಲ, ಬುಡಿ. ಮೀಟ್ರೂ ನಿಧಾನಕ್ಕೆ ಸುತ್ತತೈತೆ,” ಎಂದಳು ಹೆಂಡತಿ ಸೋಮಮ್ಮ.

“ಅದೇ ಕಣಮ್ಮಿ! ಮೋಟಾರ್ ಒಟ್ಟೇಲಿ ತಾಮ್ರ ಇದ್ರಲ್ವಾ ಕರೆಂಟು ತಿನ್ನದು?”

ಮೋಟಾರು ಸುತ್ತಿಸುವವರು ಸುಟ್ಟ ತಾಮ್ರವನ್ನು ತೂಗಿಸಿ ಕೊಟ್ಟು, ಅಷ್ಟೇ ತೂಕದ ಹೊಸ ತಂತಿ ಒಳಗೆ ಹೋಗುವವರೆಗೆ ಎದುರಿಗೇ ಕೂರುವುದು ವಾಡಿಕೆ. ಬೋರಯ್ಯನೂ ನಾಲ್ಕು ಕೆಜಿ ಕೊಟ್ಟು ಕೂತಿದ್ದ. ಮಧ್ಯೆ ಎದ್ದು ವಡೆ ತಿನ್ನಲು ಹೋಗಿದ್ದೇ ಈಗ ಅವನ ಎದೆ ಕೊರೆಯುತ್ತಿತ್ತು.

ಕಡಿದ ಕಬ್ಬು ಅಂಗಳದಲ್ಲಿ ಒಣಗುತ್ತಿದ್ದರೂ ಲೆಕ್ಕಿಸದೆ, ಮೋಟಾರನ್ನು ಬಿಚ್ಚಿ ಗಾಡಿಗೆ ಹಾಕಿಕೊಂಡು ಮದ್ದೂರಿಗೆ ಹೋದ. ಕಾಫಿ ಆರಿದ ಕಥೆಯನ್ನೆಲ್ಲ ಒದರಿ, “ಸಾಬ್ರೇ, ನನ್ ತಾಮ್ರ ತೂಗಿ ತೋರ್ಸಿ,” ಎಂದ.

ಪಾಷಾನ ಮುಖ ಸಪ್ಪಗಾಯಿತು. “ತೂಗ್ಬೇಕಂದ್ರೆ ತಂತಿ ಕತ್ತರಿಸ್ಬೇಕು ಗೌಡ್ರೇ. ಒಳ್ಳೇ ಮೋಟಾರು ಹಾಳಾಗ್ತದೆ.”

ಸಿಕ್ಕಿಬಿದ್ದ ಕಳ್ಳನ ಮಾತು ಎಂದುಕೊಂಡ ಬೋರಯ್ಯ. “ಕತ್ರಿಸಿ!”

ಪಾಷಾ ಕತ್ತರಿಸಿದ. ತಕ್ಕಡಿಗೆ ಬೋರಯ್ಯನೇ ಹಾಕಿದ. ಐದು ಕೆಜಿ. ನಂಬಿಕೆ ಬಾರದೆ ತಟ್ಟೆ ಬದಲಿಸಿ ಮತ್ತೆ ತೂಗಿದ. ಐದೇ.

“ಹಿಂದೆ ಸುತ್ತಿದವನು ಸಣ್ಣ ತಂತಿ ಹಾಕಿದ್ದ. ನಿಮ್ಮ ಕರೆಂಟೆಲ್ಲ ಕಾವಾಗಿ ದಂಡವಾಗ್ತಿತ್ತು. ನಾನು ದಪ್ಪ ತಂತಿ ಹಾಕ್ದೆ. ಮೇಲಿನ ಒಂದು ಕೆಜಿ ನಂದು.”

“ಯೋಳ್ಬಾರ್ದಾ ಮತ್ತೆ?”

“ಹೇಳಿದ್ರೆ, ಇವ್ನು ಯಾಕೆ ಪುಕ್ಸಟ್ಟೆ ಕೊಡ್ತಾನೆ ಅಂತ ಅನುಮಾನ ಪಡ್ತಿದ್ರಿ.”

ಅದು ನಿಜವಾಗಿತ್ತು. ಬೋರಯ್ಯನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅಂಗಳದಲ್ಲಿ ಒಣಗುತ್ತಿದ್ದ ಕಬ್ಬೂ ನೆನಪಾಯಿತು. “ತಪ್ಪಾಯ್ತು ಸಾಬ್ರೇ. ಇನ್ನೊಂದ್ಸಾರಿ ಅಂಗೇ ಸುತ್ಕೊಡಿ.”

ಪಾಷಾ ತಕ್ಕಡಿಯಿಂದ ಒಂದು ಕೆಜಿ ಎತ್ತಿ ಪಕ್ಕಕ್ಕಿಟ್ಟುಕೊಂಡ.

“ಕೂತ್ಕೊಳ್ಳಿ ಗೌಡ್ರೇ. ಈ ಸಲ ನಿಮ್ಮ ನಾಲ್ಕೇ ಸುತ್ತೀನಿ. ನಿಮ್ಮ ಕಾಫಿ ಬಿಸಿಯಾಗೇ ಇರ್ತದೆ.”