ಸ್ಟೀರಿಂಗ್ ಯಾರ ಕೈಯಲ್ಲಿ?

ಲಾಂಡ್ರಿಯ ದೊಡ್ಡ ಮೆಷಿನ್ ಗಡಗಡ ಒದ್ದಾಡತೊಡಗಿತು. ಇಸ್ತ್ರಿ ಮಾಡುತ್ತಿದ್ದ ಅಮ್ಮ ತಲೆ ಎತ್ತುವ ಮೊದಲೇ ಮಗಳು ಅದನ್ನು ನಿಲ್ಲಿಸಿದಳು. ಒಂದೇ ಕಡೆ ಗಂಟಾಗಿದ್ದ ಒದ್ದೆ ಬೆಡ್‌ಶೀಟುಗಳನ್ನು ಬಿಡಿಸಿ ಹರಡಿ ಮತ್ತೆ ತಿರುಗಲು ಬಿಟ್ಟಳು.

ಕೌಂಟರಿಗೆ ಒರಗಿ ನಿಂತಿದ್ದ ಸೋದರಮಾವ ಮಾತು ನಿಲ್ಲಿಸಿರಲಿಲ್ಲ. ಅವನು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಯಾರೊಡನೆ ಮಾತಾಡಿದರೂ ಪಾಠ ಮಾಡಿದಂತೆಯೇ.

"ನಾಳೆ ಎಂಜಿನಿಯರಿಂಗ್ ಕಾಲೇಜಲ್ಲಿ ಬ್ರಾಂಚ್ ಹೇಳೋಕೆ ಕೊನೇ ದಿನ. ಕಣ್ಮುಚ್ಚಿ ಕಂಪ್ಯೂಟರ್ ತಗೊ. ಆಮೇಲೆ ಬೇಕಾದ್ರೆ ಬದಲಾಯಿಸ್ಕೊ."

"ನಂಗೆ ಮೆಕ್ಯಾನಿಕಲ್ ಬೇಕು ಮಾವ."

"ಹೆಣ್ಣು ಹುಡುಗಿ, ಮೈಗೆಲ್ಲ ಗ್ರೀಸ್ ಬಳ್ಕೊಂಡು..."

"ಚಿಕ್ಕೋಳಿಂದ ಇಲ್ಲಿ ಸೋಪು ಬಳ್ಕೊಂಡೇ ಇದೀನಿ. ಆಗ ಹೆಣ್ಣು ಹುಡುಗಿ ಅಂತ ನೆನಪಾಗಲಿಲ್ವಾ?"

"ದೊಡ್ಡೋರಿಗೆ ಎದುರು ಮಾತಾಡ್ಬೇಡ ಕಣೇ" ಎಂದಳು ಅಮ್ಮ.

"ನಾಲ್ಕು ವರ್ಷ ಕ್ಲಾಸಲ್ಲಿ ಕೂರೋಳು ನಾನು. ಆಮೇಲೆ ಆ ಕೆಲಸ ಮಾಡೋಳೂ ನಾನೇ. ಈಗ ಮಾತಾಡ್ದೆ ಇನ್ಯಾವಾಗ ಮಾತಾಡ್ಲಿ?"

ಅಷ್ಟರಲ್ಲಿ ಪಕ್ಕದ ಮನೆಯ ಅಕ್ಕ ಸೀರೆ ಒಯ್ಯಲು ಬಂದಳು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವವಳು. ಮಾವನಿಗೆ ಸಾಕ್ಷಿ ಸಿಕ್ಕಂತಾಯಿತು.

"ನೀವೇ ಹೇಳಿ ಟೀಚರಮ್ಮ. ಬಸ್ಸಿನ ಹಿಂದೆ ಜಾಹೀರಾತು ನೋಡಿಲ್ವಾ? ಕಂಪ್ಯೂಟರ್ ಓದಿ ಕೆಲಸ ಸಿಕ್ಕೋರ ಮುಖ ಸಾಲಾಗಿ ಹಾಕಿದಾರೆ."

"ಸಿಗದೇ ಇರೋರ ಮುಖ ಹಾಕಿದ್ರೆ ಬಸ್ಸು ಸಾಲ್ತಿತ್ತಾ ಅಂತ ಕೇಳಿದ್ರಾ? ಆ ಬ್ರಾಂಚಲ್ಲಿ ಎಷ್ಟು ಜನ ಓದಿದ್ರು, ಎಷ್ಟು ಜನಕ್ಕೆ ಕೆಲಸ ಸಿಕ್ತು, ಎಂಥಾ ಕೆಲಸ, ಅದನ್ನ ಕೇಳಿ."

"ಹಾಗಾದ್ರೆ ಕಂಪ್ಯೂಟರ್ ಕೆಟ್ಟದ್ದಾ?"

"ಅಲ್ಲ. ಇಷ್ಟ ಇರೋರಿಗೆ ಬಂಗಾರ. ಮೆಕ್ಯಾನಿಕಲ್ ಅಂದ್ರೂ ಬರೀ ಸ್ಪ್ಯಾನರ್ ಅಲ್ಲ. ಗಣಿತ ತಪ್ಪಿದ್ದಲ್ಲ, ಪ್ರೋಗ್ರಾಮಿಂಗೂ ಕಲೀಬೇಕು. ಇನ್ನು ಬ್ರಾಂಚ್ ಬದಲಾವಣೆಗೆ ಕೆಲವು ಕಾಲೇಜಲ್ಲಿ ಅವಕಾಶ ಇದೆ. ಆದ್ರೆ ಅಂಕ ಬೇಕು, ಸೀಟೂ ಖಾಲಿ ಇರಬೇಕು. ಅದನ್ನೇ ನಂಬಿ ಸೇರೋದು, ಸ್ಟೆಪ್ನಿ ಇದೆ ಅಂತ ಮೊಳೆ ಮೇಲೆ ಗಾಡಿ ಬಿಟ್ಟ ಹಾಗೆ. ಬೆಳಿಗ್ಗೆ ಬನ್ನಿ, ಎರಡೂ ವಿಭಾಗ ತೋರಿಸ್ತೀನಿ."

ಮರುದಿನ ಲಾಂಡ್ರಿಗೆ ಬೀಗ ಹಾಕಿ ಅಮ್ಮ, ಮಗಳು, ಮಾವ ಮೂವರೂ ಅಕ್ಕನ ಕಾಲೇಜಿಗೆ ಹೋದರು. ಕಂಪ್ಯೂಟರ್ ವಿಭಾಗದಲ್ಲಿ ವಿದ್ಯಾರ್ಥಿಗಳು ಅಕ್ಕರೆಯಿಂದ ವಿವರಿಸಿದರು. ಮಗಳು ತಲೆಯಾಡಿಸುತ್ತ ಕೇಳಿದಳು.

ಮೆಕ್ಯಾನಿಕಲ್ ಲ್ಯಾಬಿನಲ್ಲಿ ಚಕ್ರವೊಂದು ತಿರುಗುತ್ತಿತ್ತು. ವೇಗ ಏರಿದಂತೆ ಗಡಗಡ ನಡುಗಿತು, ಇನ್ನೂ ಏರಿದಾಗ ಶಾಂತವಾಯಿತು. ಮಗಳು ಅಲ್ಲೇ ನಿಂತಳು.

"ನಮ್ಮ ಮೆಷಿನ್ನೂ ಹೀಗೇ. ನಡುವೆ ಒದ್ದಾಡತ್ತೆ, ಪೂರ್ತಿ ಜೋರಾದ್ರೆ ಸುಮ್ಮನಾಗತ್ತೆ. ಯಾಕೆ?"

"ಅದೇ ನಮ್ಮ ಮೂರನೇ ವರ್ಷದ ಪಾಠ. ಸದ್ಯ ನಾನೂ ಅದಕ್ಕೇ ತಲೆ ಕೆರ್ಕೊಳ್ತಿದೀನಿ" ಎಂದು ಅಲ್ಲಿದ್ದ ವಿದ್ಯಾರ್ಥಿನಿ ನಕ್ಕಳು. ಮಗಳ ಪ್ರಶ್ನೆಗಳು ಮಾತ್ರ ಮುಗಿಯಲಿಲ್ಲ. ಕೊನೆಗೆ ಅಮ್ಮನೇ ಕೈ ಹಿಡಿದು ಹೊರಗೆ ಕರೆತಂದಳು.

ಮಾವ ತನ್ನ ಡ್ರೈವಿಂಗ್ ಸ್ಕೂಲ್ ಕಾರಿನ ಬಳಿ ನಿಂತು ಹೇಳಿದ: "ನಿನ್ನ ಒಳ್ಳೇದಕ್ಕೇ ಹೇಳಿದ್ದು ಕಣೇ."

"ಗೊತ್ತು ಮಾವ. ಕಲಿಸುವಾಗ ನಿಮ್ಮ ಕಾಲ ಹತ್ರಾನೂ ಒಂದು ಬ್ರೇಕ್ ಇರತ್ತೆ. ಸ್ಟೀರಿಂಗೂ ಎರಡಿರತ್ತಾ?"

ಮಾವ ಕಾರಿನೊಳಗೆ ಒಮ್ಮೆ ನೋಡಿದ. ಆಮೇಲೆ ತಂಗಿಯ ಕಡೆ ತಿರುಗಿದ. "ಕಂಪ್ಯೂಟರ್ ಕಡೆ ಇವಳು ಬಾಯಿ ಬಿಡಲಿಲ್ಲ, ಮೆಕ್ಯಾನಿಕಲ್ ಲ್ಯಾಬಲ್ಲಿ ಬಾಯಿ ಮುಚ್ಚಲಿಲ್ಲ. ಇನ್ನೇನು ಹೇಳೋದು?" ಸೋದರಸೊಸೆಗೆ ಬೆರಳು ತೋರಿಸಿದ. "ಬ್ರೇಕ್ ಮಾತ್ರ ನನ್ನ ಕಾಲ ಕೆಳಗೇ ಇರತ್ತೆ."

"ಇರಲಿ. ಸುಮ್ಸುಮ್ನೆ ಒತ್ಬೇಡಿ."

ಕಾಲೇಜಿನ ಕಚೇರಿಯ ಕಿಟಕಿಯಲ್ಲಿ ಮಗಳೇ ತನ್ನ ಬ್ರಾಂಚ್ ಹೇಳಿದಳು. ಅಮ್ಮ ಮತ್ತು ಮಾವ ಹಿಂದೆ ನಿಂತಿದ್ದರು.

ನಿಮ್ಮ ಮನೆಯಲ್ಲೂ ಇದೇ ಚರ್ಚೆ ನಡೆಯುತ್ತಿದೆಯೇ? ಬ್ರಾಂಚಿನ ಹೆಸರಿಗೆ ಮರುಳಾಗಬೇಡಿ, ಮೂರು ಮತ್ತು ನಾಲ್ಕನೇ ವರ್ಷ ಏನು ಕಲಿಸುತ್ತಾರೆಂದು ಓದಿ. ಲ್ಯಾಬ್ ನೋಡಿ, ಅಲ್ಲಿ ಓದುತ್ತಿರುವವರನ್ನು ಮಾತಾಡಿಸಿ. ಕೋರ್ಸಿಗೆ ಮಾನ್ಯತೆ ಇದೆಯೇ ಎಂದು ಕೇಳಲು ನಾಚಬೇಡಿ. ಡಿಪ್ಲೊಮಾ ಮುಗಿಸಿ ಪದವಿಗೆ ಸೇರುವ ದಾರಿಯೂ ಇರಬಹುದು, ವಿಚಾರಿಸಿ. ದೊಡ್ಡವರೇ, ನಿಮ್ಮ ಕಾಲು ಬ್ರೇಕಿನ ಮೇಲಿರಲಿ. ಮಕ್ಕಳೇ, ಸ್ಟೀರಿಂಗಿಗೆ ಯಾರು ಕೈ ಹಾಕಿದರೂ ಬಿಟ್ಟುಕೊಡಬೇಡಿ.